ದೇವರ ಗೋಡೆ ತಪ್ಪಿಸಿ ಹೋದ ಪೈಪು

ನಮ್ಮ ಮನೆಯ ಸೀಲಿಂಗು ಬಿದ್ದದ್ದು ಪ್ಲಂಬರ್ ಆರುಮುಗಂ ಅವರ ತಪ್ಪಿನಿಂದಲ್ಲ, ನನ್ನಿಂದ. ಏಳು ವರ್ಷಗಳಿಂದ ಇದು ನನಗೆ ಗೊತ್ತು. ನನ್ನ ಗಂಡ ಅವರನ್ನು ಎಲ್ಲರೆದುರು ಬೈಯುತ್ತಿದ್ದಾಗಲೂ ಗೊತ್ತಿತ್ತು. ನಾನು ಅಡುಗೆಮನೆಯ ಬಾಗಿಲಲ್ಲಿ ತುಪ್ಪದ ಗಿಂಡಿ ಹಿಡಿದು ನಿಂತಿದ್ದೆ — ಒಂದು ಮಾತು ಆಡಿದ್ದರೆ ಸಾಕಿತ್ತು — ಆಡಲಿಲ್ಲ. ಕೇಳಿದ ಮೇಲೆ ಆಡಿದ ಮಾತು ಸುಳ್ಳು.

ಇದನ್ನು ಓದುವವರಲ್ಲಿ ನಾವು ನೆಲೆಸಿರುವ ಈ ಪರದೇಶದ ಊರು ಸೈಬರ್‌ಜಯಾದ ಕನ್ನಡದ ಮನೆಗಳವರೂ ಇರುತ್ತೀರಿ. ಅಂದು ನಮ್ಮಲ್ಲಿ ಊಟಕ್ಕೆ ಬಂದಿದ್ದವರೂ ಇರಬಹುದು. ನಿಮಗೆ ನೆನಪಿರುವ ಕಥೆ ಬೇರೆ. ಅದನ್ನು ಹಾಗೆ ನೆನಪಿಟ್ಟುಕೊಳ್ಳುವಂತೆ ಮಾಡಿದವಳು ನಾನೇ.

ನಾವು ಇಲ್ಲಿ ಮನೆ ಕೊಂಡಾಗ ಪ್ರತಿ ಬಾತ್‌ರೂಮಿನಲ್ಲೂ ಗೋಡೆಗೆ ಅಂಟಿಸಿದ ಪುಟ್ಟ ಹೀಟರ್ ಇತ್ತು, ಈ ಊರಿನ ಎಲ್ಲ ಮನೆಗಳಲ್ಲೂ ಇರುವಂಥದ್ದು. ಶವರಿಗೆ ಸರಿ, ಬಕೆಟ್ ತುಂಬಿಸಲು ಸಾಲದು. ನನ್ನ ಯಜಮಾನರು, ಶ್ರೀಧರ್, ಮೈಸೂರಿನಲ್ಲಿ ಹಂಡೆ ನೀರಿನಲ್ಲಿ ಮಿಂದು ಬೆಳೆದವರು.

"ಈ ಪಿಚಕಾರೀಲಿ ಎಣ್ಣೆ ಸ್ನಾನ ಮಾಡೋಕಾಗುತ್ತಾ ವಿಜೀ? ದೀಪಾವಳಿ ಮುಗಿದ್ರೂ ಎಣ್ಣೆ ತಲೇಲೇ ಇರುತ್ತೆ" ಎಂದು ಪ್ರತಿ ವರ್ಷ ರೇಗುತ್ತಿದ್ದರು. ಕೊನೆಗೆ ಮಾಡಿನ ಮೇಲೆ ಸೋಲಾರ್ ಹೀಟರ್ ಕೂರಿಸಿದೆವು. ಆದರೆ ಗೋಡೆಯೊಳಗಿನ ಹಳೆಯ ಪೈಪುಗಳು ಸಣ್ಣವು, ಒಳಗೆಲ್ಲ ಕಟ್ಟಿಕೊಂಡಿದ್ದವು. ಮೇಲೆ ಕುದಿಯುವಂತಿದ್ದ ನೀರು ಕೆಳಗಿನ ಬಾತ್‌ರೂಮಿಗೆ ಬರುವಾಗ ಬೆಚ್ಚಗಿನ ಗೆರೆಯಷ್ಟೇ ಆಗಿರುತ್ತಿತ್ತು. ಬಿಸಿನೀರಿನ ಪೈಪುಗಳನ್ನೆಲ್ಲ ತೆಗೆಸಿ ದಪ್ಪ ತಾಮ್ರದ್ದನ್ನು ಹಾಕಿಸುವುದೆಂದು ತೀರ್ಮಾನವಾಯಿತು.

ಹಾಗೆ ಬಂದವರು ಆರುಮುಗಂ ಅಣ್ಣ. ಪಕ್ಕದ ನಿಲಾಯ್ ಊರಿನವರು, ತಮಿಳರು, ಅವರ ತಾತನ ಕಾಲದಿಂದ ಇಲ್ಲೇ ನೆಲೆಸಿದವರು. ಆಗ ಐವತ್ತು ದಾಟಿತ್ತು. ನಮ್ಮ ಕನ್ನಡದವರಲ್ಲಿ ಅವರ ನಂಬರ್ ಮನೆಯಿಂದ ಮನೆಗೆ ಹೋಗುತ್ತಿತ್ತು, ಒಳ್ಳೆಯ ಉಪ್ಪಿನಕಾಯಿಯ ಅಳತೆ ಹೋಗುವ ಹಾಗೆ. ನಮ್ಮವರ ಮನೆಗಳಲ್ಲಿ ದುಡಿದೂ ದುಡಿದೂ ನಾಲ್ಕು ಮಾತು ಕಲಿತಿದ್ದರು. ಬಾಗಿಲಲ್ಲೇ "ಊಟ ಆಯ್ತಾ ಮಾ?" ಎನ್ನುವರು. ಅವಸರ ಮಾಡಿದರೆ ಇಲ್ಲಿನವರ ರಾಗದಲ್ಲಿ "ಸ್ವಲ್ಪ ವೇಟ್ ಲಾ" ಎನ್ನುವರು. ಕನ್ನಡಕದ ಒಂದು ಕಡ್ಡಿಗೆ ಹಸಿರು ದಾರ ಸುತ್ತಿತ್ತು. ಕೊರೆಯುವ ಮೊದಲು ನೆಲಕ್ಕೆ ಹಳೆಯ ಸೀರೆ ಹಾಸುತ್ತಿದ್ದರು. ಸಂಜೆ ಹೊರಡುವಾಗ ಟೈಲ್ಸಿನ ಸಂದುಗಳನ್ನು ತಮ್ಮದೇ ಟವೆಲಿನಿಂದ ಒರೆಸುತ್ತಿದ್ದರು, ನಾನು ಬೇಡವೆಂದರೂ ಕೇಳದೆ.

ಪೈಪು ಹೋಗುವ ದಾರಿಯನ್ನು ಅವರು ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದು ತೋರಿಸಿದರು. ಮಾಡಿನಿಂದ ಮೇಲಿನ ಬಾತ್‌ರೂಮಿನ ಗೋಡೆಯೊಳಗೆ ಇಳಿದು ನೇರವಾಗಿ ಕೆಳಗಿನ ಬಾತ್‌ರೂಮಿಗೆ. ಗೋಡೆಯೊಳಗೆ ಒಂದೂ ತಿರುವಿಲ್ಲ. ಯಜಮಾನರು ನೋಡಿ, "ಫಸ್ಟ್ ಕ್ಲಾಸ್. ನೇರ ಇದ್ರೆ ಸೋರೋ ಮಾತೇ ಇಲ್ಲ" ಎಂದರು. ಮರುದಿನ ಆಫೀಸಿನ ಕೆಲಸದ ಮೇಲೆ ನಾಲ್ಕು ದಿನಕ್ಕೆಂದು ಪೆನಾಂಗಿಗೆ ಹೊರಟರು.

ಮೊದಲ ದಿನ ಆರುಮುಗಂ ಅಣ್ಣ ಕೆಳಗಿನ ಬಚ್ಚಲ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದಾಗ ನಾನು ಆ ಗೋಡೆಯ ಈಚೆಗೆ ಬಂದು ನಿಂತೆ. ಈಚೆಗೆ ನನ್ನ ದೇವರ ಮಂಟಪ. ಗೆರೆ ಹೋಗುವ ಕಡೆ, ಸರಿಯಾಗಿ ಲಕ್ಷ್ಮಿಯ ಪಟದ ಹಿಂದೆ, ಬಚ್ಚಲಿಗೆ ಹೋಗುವ ನೀರು ಇಳಿಯಬೇಕು. ನನಗೆ — ಹೇಗೆ ಹೇಳಲಿ — ಮನಸ್ಸು ಒಗ್ಗಲಿಲ್ಲ. ದೇವರ ಗೋಡೆಗೆ ಬಚ್ಚಲ ನೀರು ತಾಗಬಾರದು ಎಂದು ಅಮ್ಮ ಯಾವಾಗಲೋ ಅಂದದ್ದು ಮೈಯಲ್ಲಿ ಉಳಿದಿತ್ತು. ಅದು ಶಾಸ್ತ್ರವೋ ಬರೀ ರೂಢಿಯೋ ನನಗೆ ಇಂದಿಗೂ ಗೊತ್ತಿಲ್ಲ.

ಗಂಡನಿಗೆ ಒಂದು ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಅದಕ್ಕೂ ಹಿಂದಿನ ವರ್ಷ ಮಂಚದ ತಲೆದಿಕ್ಕು ಬದಲಿಸಿದ್ದಕ್ಕೆ ಇವರು ತಿಂಗಳುಗಟ್ಟಲೆ ಬಂದವರೆದುರೆಲ್ಲ "ಇವಳು ನಮ್ಮ ಮನೆ ವಾಸ್ತು ಇಲಾಖೆ, ಅರ್ಜಿ ಹಾಕ್ದೆ ಮಲಗೋ ಹಾಗಿಲ್ಲ" ಎಂದು ನಗಿಸುತ್ತಿದ್ದರು. ಎಲ್ಲರೊಂದಿಗೆ ನಾನೂ ನಗುತ್ತಿದ್ದೆ. ನಾನು ಹೆದರಿದ್ದು ಗಂಡನ ಸಿಟ್ಟಿಗಲ್ಲ, ಆ ನಗೆಗೆ. ಎಷ್ಟು ಸಣ್ಣ ಕಾರಣ ನೋಡಿ.

"ಅಣ್ಣ, ಈ ಗೋಡೆ ಬೇಡ. ಈ ಕಡೆ ದೇವರಿದೆ" ಎಂದೆ. ನನ್ನ ಬೆಂಗಳೂರು ಸಂತೆಯ ತಮಿಳು, ಅವರ ನಾಲ್ಕು ಕನ್ನಡ, ನಡುನಡುವೆ ಇಂಗ್ಲಿಷ್, ಹಾಗಿತ್ತು ನಮ್ಮ ಮಾತು. ನೆನಪಿನಲ್ಲಿ ಉಳಿದಂತೆ ಬರೆಯುತ್ತಿದ್ದೇನೆ.

ಅವರು ಈಚೆ ಬಂದರು, ಮಂಟಪ ನೋಡಿದರು, ತಲೆಯ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

"ಸಾಮಿ ಗೋಡೆ. ಕರೆಕ್ಟ್ ಮಾ, ಇಲ್ಲಿ ಬೇಡ." ಆಮೇಲೆ ಬಹಳ ಹೊತ್ತು ಮೇಲೆ ನೋಡಿದರು. "ಆದ್ರೆ ಸುತ್ತಿಕೊಂಡು ಬರ್ಬೇಕು. ಅಲ್ಲಿ ಎರಡು ತಿರುವು, ಹಾಲ್ ಸೀಲಿಂಗ್ ಮೇಲೆ ಇನ್ನೆರಡು. ಜಾಯಿಂಟ್ ಜಾಸ್ತಿ ಆದ್ರೆ ತಲೆನೋವು ಜಾಸ್ತಿ. ಸಾರ್‌ಗೆ ಹೇಳ್ಬೇಕಲ್ಲ?"

"ಸಾರ್‌ಗೆ ನೀವು ಹೇಳ್ಬೇಡಿ ಅಣ್ಣ. ನಾನೇ ಹೇಳ್ತೀನಿ."

ಹೇಳುವ ಯೋಚನೆ ನನಗೆ ಇರಲೇ ಇಲ್ಲ. ಬಾಯಿಂದ ಬರುವಾಗಲೇ ಅದು ಸುಳ್ಳು ಎಂದು ಗೊತ್ತಿತ್ತು. ಮೊದಲನೆಯ ಸುಳ್ಳು ಎಷ್ಟು ಮೆತ್ತಗೆ ಬಂತು!

ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಬೆಸುಗೆಗಳೆಲ್ಲ ಮುಗಿದವು. ಹಾಲಿನ ಸೀಲಿಂಗಿನ ಒಂದು ಭಾಗ ತೆರೆದುಕೊಂಡಿತ್ತು, ಅದರೊಳಗೆ ಹೊಸ ತಾಮ್ರ ಹೊಳೆಯುತ್ತಿತ್ತು. ಮುಚ್ಚುವವನೂ ಪ್ಲಾಸ್ಟರ್ ಹಲಗೆ ಇಟ್ಟುಕೊಂಡು ಕಾಯುತ್ತಿದ್ದ. ಆಗ ಇವರ ಫೋನ್ ಬಂತು: ಕೆಲಸ ಬೇಗ ಮುಗಿಯಿತು, ಸಂಜೆಗೇ ಮನೆಯಲ್ಲಿರುತ್ತೇನೆ.

ಆರುಮುಗಂ ಅಣ್ಣ ಕೈಪಂಪೊಂದನ್ನು ಪೈಪಿಗೆ ಸಿಕ್ಕಿಸುತ್ತಿದ್ದರು. ಅದರ ಮೇಲೆ ಗಡಿಯಾರದಂಥ ಬಿಲ್ಲೆ, ಒಳಗೊಂದು ಮುಳ್ಳು. "ನೀರು ತುಂಬಿ ಒತ್ತಡ ಕೊಟ್ಟು ಒಂದು ರಾತ್ರಿ ಬಿಡ್ಬೇಕು ಮಾ. ಬೆಳಿಗ್ಗೆ ಮುಳ್ಳು ಇಳಿದಿದ್ರೆ ಎಲ್ಲೋ ಸೋರ್ತಾ ಇದೆ ಅಂತ. ಆಮೇಲೇ ಮುಚ್ಚೋದು."

"ಇವತ್ತೇ ಮುಚ್ಚಿಬಿಡಿ ಅಣ್ಣ."

"ಒಂದು ರಾತ್ರಿ ಮಾ."

"ಬೇಡ. ಸಾರ್ ಬರ್ತಾ ಇದಾರೆ."

ಅವರಿಗೆ ಅರ್ಥವಾಯಿತು — ನಾನು ಹೇಳಿಲ್ಲವೆಂದು. "ಹಾಗಾದ್ರೆ ಚಿಕ್ಕದೊಂದು ಬಾಗಿಲಾದ್ರೂ ಇಡ್ತೀನಿ ಸೀಲಿಂಗಲ್ಲಿ. ಇಣುಕಿ ನೋಡೋಕೆ."

"ಹಾಲಲ್ಲಿ ಎದ್ದು ಕಾಣುತ್ತೆ ಅಣ್ಣ, ಚೆನ್ನಾಗಿರಲ್ಲ."

ಅದಕ್ಕೂ ಅವರು ಒಪ್ಪಿದರು. ಒಂದು ಗಂಟೆ ಏಣಿಯ ಮೇಲೆ ಕೂತು ಮುಳ್ಳನ್ನೇ ನೋಡಿದರು. ಮುಳ್ಳು ಅಲುಗಲಿಲ್ಲ. ಸಂಜೆ ಆರಕ್ಕೆ ಸೀಲಿಂಗು ಮುಚ್ಚಿತು. ಏಳೂವರೆಗೆ ಇವರು ಬಂದು ಬಕೆಟ್ ತುಂಬಿಸಿ, ಹಬೆಯ ನಡುವೆ ಕೂಗಿದರು: "ವಿಜೀ, ಇದು ನೋಡು ನೀರು ಅಂದ್ರೆ!"

ಮುಂದಿನ ವಾರಗಳಲ್ಲಿ ಬಂದವರಿಗೆಲ್ಲ ನೇರ ಪೈಪಿನ ಮಹಿಮೆ ವರ್ಣಿಸಿದರು. ನಾನು ಕಾಫಿ ಕೊಡುತ್ತಿದ್ದೆ.

ನನಗೆ ಸಣ್ಣಪುಟ್ಟದ್ದೆಲ್ಲ ಕಣ್ಣಿಗೆ ಬೀಳುತ್ತದೆ. ಪರದೆಯ ಒಂದು ಕೊಂಡಿ ಕಳಚಿದ್ದು, ಪಕ್ಕದ ಮನೆಯವರ ಬಾಗಿಲ ಬಣ್ಣ ಒಂದು ಛಾಯೆ ಬದಲಾದದ್ದು. ಕಾನ್ವೆಂಟಿನಲ್ಲಿ ಸಿಸ್ಟರ್ ನನ್ನ ರಿಪೋರ್ಟಿನಲ್ಲಿ ಬರೆಯುತ್ತಿದ್ದ ಒಂದೇ ಹೊಗಳಿಕೆ ಅದು, ಗಮನವಿಟ್ಟು ನೋಡುವ ಹುಡುಗಿ ಎಂದು. ಹಾಗಾಗಿ ನಾನು ನೋಡಲಿಲ್ಲ ಎಂದು ಹೇಳುವಂತಿಲ್ಲ. ದೀಪಾವಳಿಗೆ ಇನ್ನು ಹತ್ತು ದಿನ ಇರುವಾಗ ಹಾಲಿನ ಸೀಲಿಂಗಿನಲ್ಲಿ ಚಹಾ ಬಣ್ಣದ ಕಲೆ ಕಂಡಿತು, ಲೋಟದ ತಳದಷ್ಟು. ನಾಲ್ಕು ದಿನಕ್ಕೆ ತಟ್ಟೆಯಷ್ಟಾಯಿತು. ಅಣ್ಣನನ್ನು ಕರೆದರೆ ಸೀಲಿಂಗು ಬಿಚ್ಚಬೇಕು, ಬಿಚ್ಚಿದರೆ ತಿರುವುಗಳು ಕಾಣುತ್ತವೆ — ಹಬ್ಬ ಮುಗಿಯಲಿ, ಇವರು ಇನ್ನೊಮ್ಮೆ ಬೇರೆ ಊರಿಗೆ ಹೋಗಲಿ, ಆಗ —

ಬ್ರಿಕ್‌ಫೀಲ್ಡ್ಸಿಗೆ ಹೋಗಿ ಅಲ್ಲಿನ ಭಾರತೀಯರ ಅಂಗಡಿಬೀದಿಯಿಂದ ದೊಡ್ಡದೊಂದು ಆಕಾಶಬುಟ್ಟಿ ತಂದೆ. ಕೇಸರಿ ಬಣ್ಣದ್ದು, ಕೆಳಗೆ ಬಾಲಂಗೋಚಿಗಳಿದ್ದದ್ದು. ಸರಿಯಾಗಿ ಆ ಕಲೆಯ ಕೆಳಗೆ ತೂಗುಹಾಕಿದೆ. ಎಲ್ಲರೂ ಚೆನ್ನಾಗಿದೆ ಎಂದರು.

ಹಬ್ಬದ ದಿನ ಬೆಳಗಿನಿಂದ ಬಿಸಿನೀರು ಒಂದೇ ಸಮನೆ ಹರಿಯಿತು. ನಮ್ಮ ಮನೆಯ ನೀರಿನ ಕೀರ್ತಿ ಕೇಳಿ ಎರಡು ಕುಟುಂಬಗಳು ಎಣ್ಣೆ ಹಚ್ಚಿಕೊಂಡು ನಮ್ಮಲ್ಲಿಗೇ ಸ್ನಾನಕ್ಕೆ ಬಂದಿದ್ದವು. ಮಧ್ಯಾಹ್ನಕ್ಕೆ ಏಳು ಮನೆಯವರ ಊಟ. ಮೊದಲು ಮಕ್ಕಳನ್ನು ಹಾಲಿನಲ್ಲಿ ಚಾಪೆ ಹಾಸಿ ಕೂರಿಸಿದೆವು, ಆಕಾಶಬುಟ್ಟಿಯ ಕೆಳಗೇ. ನನ್ನ ಮಗಳು ಅನಘಾ, ಆಗ ಒಂಬತ್ತು ವರ್ಷ, ಎರಡನೇ ಹೋಳಿಗೆಯನ್ನು ಕೈಯಲ್ಲೇ ಹಿಡಿದು "ಕಮಾನ್, ಸ್ಪಾರ್ಕ್ಲರ್ಸ್!" ಎಂದು ಎಲ್ಲರನ್ನೂ ಎಬ್ಬಿಸಿಕೊಂಡು ಹೊರಗೆ ಓಡಿದಳು.

ಅವರು ಬಾಗಿಲು ದಾಟಿರಬೇಕು, ಅಷ್ಟೇ. ಒದ್ದೆ ಗೋಣಿಚೀಲ ಮೇಲಿಂದ ಎಸೆದ ಹಾಗೆ ಸದ್ದಾಯಿತು. ಸೀಲಿಂಗಿನ ಮಂಚದಷ್ಟಗಲದ ತುಂಡು ಚಾಪೆಯ ಮೇಲೆ ಬಿತ್ತು. ಅದರ ಹಿಂದೆಯೇ ಬಿಸಿನೀರು ಚಿಮ್ಮತೊಡಗಿತು. ಹಬೆಯಲ್ಲಿ ಯಾರೋ ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಕೂಗಿ ಎಣಿಸುತ್ತಿದ್ದರು. ಯಾರಿಗೂ ಏನೂ ಆಗಲಿಲ್ಲ. ಅನಘಾ ಕೂತಿದ್ದ ಜಾಗದಲ್ಲಿ ಅವಳ ಸ್ಟೀಲ್ ಲೋಟ ಚಪ್ಪಟೆಯಾಗಿ ಬಿದ್ದಿತ್ತು.

ಅದನ್ನು ನೋಡಿದ ತಂದೆಯ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಆ ಸಿಟ್ಟು ಬರಬೇಕಾಗಿದ್ದದ್ದು ನನ್ನ ಕಡೆಗೆ.

ಆರುಮುಗಂ ಅಣ್ಣ ಮುಕ್ಕಾಲು ಗಂಟೆಯಲ್ಲಿ ಬಂದರು. ಅವರಿಗೂ ಅದೇ ಹಬ್ಬ. ಹೊಸ ತಿಳಿನೀಲಿ ಶರ್ಟು, ಕಾಲರಿನಲ್ಲಿ ಅರಿಸಿನದ ಬೊಟ್ಟು, ಹಣೆಯಲ್ಲಿ ವಿಭೂತಿ. ಏಳು ಕುಟುಂಬಗಳು ಗೋಡೆಗೊತ್ತಿ ನಿಂತಿದ್ದವು. ಇವರು ಮೇಲಿನ ತೂತಿಗೆ ಬೆರಳು ತೋರಿಸಿದರು.

"ನೇರ ಹಾಕ್ತೀನಿ ಅಂತ ಬರೆದು ಕೊಟ್ರಲ್ಲ! ಎಷ್ಟು ತಿರುವಿದೆ ನೋಡಿ ಅಲ್ಲಿ! ಮಕ್ಕಳು ಕೂತಿದ್ರು ಕಣ್ರೀ ಇಲ್ಲಿ, ಮಕ್ಕಳು! ಯಾರನ್ನ ಕೇಳಿ ಬದಲಾಯಿಸಿದ್ರಿ?"

ಅವರು ಕನ್ನಡಕ ಸರಿಮಾಡಿಕೊಂಡು ಆ ತೂತಿನ ಕಡೆ ನೋಡಿದರು. ಇವರು ನನ್ನ ಕಡೆ ತಿರುಗಿದರು.

"ವಿಜೀ, ನಿನಗೇನಾದ್ರೂ ಹೇಳಿದ್ರಾ ಇವರು?"

"ಇಲ್ಲ" ಎಂದೆ. "ನನಗೇನೂ ಗೊತ್ತಿಲ್ಲ."

ಆರುಮುಗಂ ಅಣ್ಣ ನನ್ನ ಕಡೆ ನೋಡಿದರು. ಬಹಳ ಹೊತ್ತು ನೋಡಲಿಲ್ಲ. ಆಮೇಲೆ ಇವರಿಗೆ ಹೇಳಿದರು: "ಸಾರಿ ಸಾರ್. ಮೈ ಮಿಸ್ಟೇಕ್."

ಹೊಸ ಶರ್ಟು ಬಿಚ್ಚಿ, ಮಡಿಸಿ, ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟು, ಬನಿಯನ್ನಿನಲ್ಲಿ ಏಣಿ ಹತ್ತಿದರು. ಸಂಜೆಯವರೆಗೂ ದುರಸ್ತಿ ಮಾಡಿದರು. ನಾವು ಊಟವನ್ನು ಮಹಡಿಗೆ ಒಯ್ದು ಬಡಿಸಿದೆವು. ಅವರನ್ನು ಯಾರೂ ಊಟಕ್ಕೆ ಕರೆಯಲಿಲ್ಲ. ಪಾರ್ಸೆಲ್ ತರುವವನಿಗೂ ನೀರು ಬೇಕೇ ಎಂದು ಕೇಳುವ ನಾನು — ಕೇಳಲಿಲ್ಲ. ಎದುರು ಹೋದರೆ ಅವರು ಇನ್ನೊಮ್ಮೆ ನೋಡುತ್ತಾರಲ್ಲ.

ಅಂದು ಸಂಜೆ ಇವರು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬರೆದರು: ಈತನನ್ನು ಯಾರೂ ಕರೆಯಬೇಡಿ, ಮಕ್ಕಳಿರುವ ಮನೆಯವರಂತೂ ಬೇಡವೇ ಬೇಡ. ಇವರು ಬರೆದದ್ದು ತಮಗೆ ಗೊತ್ತಿದ್ದ ಸತ್ಯವನ್ನೇ. ಒಬ್ಬೊಬ್ಬರಾಗಿ ನಂಬರ್ ತೆಗೆದುಹಾಕಿದಿರಿ. ನೀವೂ ತಪ್ಪು ಮಾಡಲಿಲ್ಲ.

ಎರಡು ವರ್ಷ ಕಳೆದ ಮೇಲೆ ಬ್ರಿಕ್‌ಫೀಲ್ಡ್ಸಿನ ಹೂವಿನಂಗಡಿಯಲ್ಲಿ ಅವರು ಎದುರಾದರು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಅವರೇ ನಕ್ಕರು. "ಊಟ ಆಯ್ತಾ ಮಾ? ಬಿಸಿನೀರು ಚೆನ್ನಾಗಿ ಬರ್ತಿದೆಯಾ?"

"ಬರ್ತಿದೆ ಅಣ್ಣ. ನಮ್ಮ ಕಡೆ ಕಾಣಿಸೋದೇ ಇಲ್ಲ ನೀವು." ಇಂಥ ಮಾತನ್ನು ಯಾವ ಬಾಯಿಂದ ಆಡಿದೆನೋ.

"ಆ ಕಡೆ ಕೆಲಸ ಎಲ್ಲ ನಿಂತೋಯ್ತು ಲಾ. ಈಗ ನಿಲಾಯಲ್ಲೇ, ಹಾಸ್ಟೆಲ್‌ನಲ್ಲಿ. ನಲ್ಲಿ ಬದಲಾಯಿಸೋದು, ಫ್ಲಶ್ ರಿಪೇರಿ. ಅಷ್ಟೇ."

ಹೇಳುವುದಾಗಿದ್ದರೆ ಆಗಲೇ ಹೇಳಬೇಕಿತ್ತು. ಮಲ್ಲಿಗೆ ಅಳೆಯುತ್ತಿದ್ದ ಹೆಂಗಸು ಎಷ್ಟು ಮೊಳ ಎಂದು ಕೇಳಿದಳು, ನಾನು ಅವಳ ಕಡೆ ತಿರುಗಿದೆ. ರೈಲಿನಲ್ಲಿ ಬರುವಾಗ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ: ದೊಡ್ಡ ಮನುಷ್ಯ, ನನ್ನ ಮಾನ ಕಾಯುತ್ತಿದ್ದಾರೆ, ಮರೆತೂ ಇರಬಹುದು. ಅವರ ಮೌನಕ್ಕೆ ಒಳ್ಳೆಯತನವೆಂದು ಹೆಸರಿಟ್ಟು ಅದರ ನೆರಳಿನಲ್ಲಿ ಇನ್ನೂ ಐದು ವರ್ಷ ಕೂತೆ.

ಕಾನ್ವೆಂಟಿನಲ್ಲಿ ತಿಂಗಳಿಗೊಮ್ಮೆ ಕ್ರೈಸ್ತ ಹುಡುಗಿಯರು ಪಾಪನಿವೇದನೆಗೆ ಹೋಗುತ್ತಿದ್ದರು. ನಾವು ಉಳಿದವರು ಅಂಗಳದಲ್ಲಿ ಕಾಯುತ್ತಿದ್ದೆವು. ಆ ಮರದ ಪೆಟ್ಟಿಗೆಯಂಥ ಕೋಣೆಯಿಂದ ಅವರು ಹಗುರಾಗಿ ಹೊರಗೆ ಬರುವುದನ್ನು ಕಂಡು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅಷ್ಟು ಸುಲಭವೇ ಎಂದು. ಈಗ ಅನ್ನಿಸುತ್ತದೆ, ನನಗೆ ಬೇಕಾಗಿದ್ದದ್ದು ಆ ಹಗುರ ಮಾತ್ರ.

ಈ ವರ್ಷ ಗುಂಪಿನಲ್ಲಿ ಹೊಸಬರೊಬ್ಬರು ಪ್ಲಂಬರ್ ಬೇಕೆಂದು ಕೇಳಿದರು. ಈ ಊರಿಗೆ ಬಂದು ವರ್ಷವೂ ಆಗದ, ಆರುಮುಗಂ ಅಣ್ಣನನ್ನು ಕಣ್ಣಲ್ಲೂ ಕಾಣದ ಹುಡುಗಿಯೊಬ್ಬಳು ತಕ್ಷಣ ಬರೆದಳು: "ಯಾರಾದ್ರೂ ಓಕೆ, ಸೀಲಿಂಗ್ ಅಂಕಲ್ ಒಬ್ಬರನ್ನ ಬಿಟ್ಟು!" ಅದರ ಕೆಳಗೆ ನಗುವ ಮುಖಗಳ ಸಾಲು. "ಊಟಕ್ಕೆ ಕೂರೋ ಮುಂಚೆ ಹೆಲ್ಮೆಟ್ ಹಾಕ್ಕೊಳ್ಳಿ" ಎಂದು ಇನ್ನೊಬ್ಬರು.

ಒಗೆದ ಬಟ್ಟೆ ಮಡಿಸುತ್ತಿದ್ದೆ. ಫೋನನ್ನು ಆ ರಾಶಿಯ ಮೇಲೆ ಮಗುಚಿಟ್ಟೆ. ಮರೆತುಹೋಗಿರುತ್ತದೆ ಎಂದುಕೊಂಡಿದ್ದ ನನ್ನ ಸುಳ್ಳು ನಾನಿಲ್ಲದ ಕಡೆಯೂ ಓಡಾಡಿಕೊಂಡಿತ್ತು. ಅದಕ್ಕೊಂದು ಅಡ್ಡಹೆಸರೂ ಬಂದಿತ್ತು. ಆ ಹೆಸರು ನನ್ನದಾಗಿರಲಿಲ್ಲ.

ಸಂಜೆ ಇವರು ಬಂದ ಮೇಲೆ ಎದುರು ಕೂತು ಹೇಳಿದೆ. ಗೋಡೆ, ಫೋನು, ಮುಳ್ಳು, ಕಲೆ, ಆಕಾಶಬುಟ್ಟಿ, ಎಲ್ಲ. ಇವರು ಬೈಯಲಿಲ್ಲ. ಇಷ್ಟೇ ಕೇಳಿದರು: "ಗೋಡೆ ಬೇಡ ಅಂತ ನನಗೆ ಹೇಳಿದ್ರೆ ಏನಾಗ್ತಿತ್ತು?"

"ನಗ್ತಿದ್ರಿ."

"ನಗ್ತಿದ್ದೆ. ನಕ್ಕು, ಪೈಪನ್ನ ಮನೆ ಹೊರಗಡೆಯಿಂದ ಇಳಿಸಿ ಅಂತಿದ್ದೆ." ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನನ್ನ ಬಾಯಿಂದ ಇಲ್ಲದ್ದನ್ನ ಹೇಳಿಸಿದೆಯಲ್ಲ ವಿಜೀ, ಒಬ್ಬ ಮನುಷ್ಯನ ಮೇಲೆ."

ಮುಂದಿನ ಭಾನುವಾರ ಇಬ್ಬರೂ ನಿಲಾಯ್‌ಗೆ ಹೋದೆವು. ಅವರ ಹೆಂಡತಿ ಗೇಟು ತೆಗೆದು, ಜಗುಲಿಯಲ್ಲಿ ಕುರ್ಚಿ ಹಾಕಿ, ಗುಲಾಬಿ ಶರಬತ್ತು ತಂದಿಟ್ಟರು. ಆರುಮುಗಂ ಅಣ್ಣ ತೆಳ್ಳಗಾಗಿದ್ದರು. ನಾನು ಹೇಳಿದೆ — ಈ ಸಲ ಇಂಗ್ಲಿಷಿನಲ್ಲಿ, ತಡವರಿಸದೆ ಹೇಳಲು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ನಿಮ್ಮ ತಪ್ಪಿರಲಿಲ್ಲ, ನಾನು ಸುಳ್ಳು ಹೇಳಿದೆ, ನೀವು ನನ್ನನ್ನು ಉಳಿಸಿದಿರಿ ಎಂದು.

ಅವರು ತಲೆಯಾಡಿಸಿದರು, ಇಲ್ಲವೆನ್ನುವ ಹಾಗೆ.

"ನಿಮ್ಮನ್ನ ಉಳಿಸೋಕೆ ಅಲ್ಲ ಮಾ ಅಂದಿದ್ದು. ಮಿಸ್ಟೇಕ್ ನನ್ನದೇ ಅಂತ ನಂಬಿದ್ದೆ. ಯಾರು ಹೇಳಿದ್ರೂ ಜಾಯಿಂಟ್ ನನ್ನದಲ್ವಾ? ಸೋರಿತು ಅಂದ್ರೆ ನನ್ನ ಕೈ ಸರಿ ಇಲ್ಲ ಅಂತ." ತಮ್ಮ ಬಲಗೈಯನ್ನು ತೊಡೆಯ ಮೇಲೆ ಮಗುಚಿ ನೋಡಿಕೊಂಡರು. "ಆ ಒಂದು ರಾತ್ರಿ ಕೊಟ್ಟಿದ್ರೆ ಬೆಳಿಗ್ಗೆ ನನಗೇ ತಿಳೀತಿತ್ತು. ತಿದ್ದಿಬಿಡ್ತಿದ್ದೆ, ಮುಗೀತಿತ್ತು. ಆಮೇಲೆ ಎಲ್ಲಿ ಬೆಸುಗೆ ಹಾಕೋಕೆ ಹೋದ್ರೂ ಮುಚ್ಚೋ ಹೊತ್ತಿಗೆ ಭಯ. ಕೆಳಗೆ ಮಕ್ಕಳು ಕೂತಿರ್ತಾರೆ ಅಂತ. ಗೋಡೆ ಒಳಗಿನ ಕೆಲಸ ನಾನೇ ಬಿಟ್ಟೆ."

ಇಷ್ಟು ವರ್ಷ ನಾನು ಒಳ್ಳೆಯತನವೆಂದು ಕರೆದದ್ದು ಇದನ್ನು.

ಇವರು ಕೈ ಮುಗಿದು ಕ್ಷಮೆ ಕೇಳಿದರು, ಮತ್ತೆ ನಮ್ಮ ಕಡೆ ಕೆಲಸಕ್ಕೆ ಬನ್ನಿ ಎಂದರು. "ಬೇಡ ಸಾರ್. ನಲ್ಲಿ ಸಾಕು ನನಗೆ" ಎಂದು ಅವರು ಮೆಲ್ಲಗೆ ನಕ್ಕರು. ಅವರ ಹೆಂಡತಿ ಲೋಟಗಳನ್ನು ಎತ್ತಿಕೊಳ್ಳುತ್ತಾ ನನ್ನ ಮುಖ ನೋಡದೆ ಒಂದು ಮಾತು ಹೇಳಿದರು. "ಆ ದೀಪಾವಳಿ ಇವರು ಎಲೆ ಮುಂದಿಂದ ಎದ್ದು ಬಂದ್ರು. ವಾಪಸ್ ಬಂದ ಮೇಲೂ ಉಣ್ಣಲಿಲ್ಲ."



ಮನೆಗೆ ಬಂದ ಮೇಲೆ ಗುಂಪಿನಲ್ಲಿ ನನ್ನ ಹೆಸರಿನಿಂದಲೇ ಎಲ್ಲವನ್ನೂ ಬರೆದೆ. ಕೆಲವರು ಹೃದಯದ ಗುರುತು ಹಾಕಿದರು. "ಇರ್ಲಿ ಬಿಡಿ ಅಕ್ಕಾ, ಹಳೇ ವಿಷಯ" ಎಂದರು ಒಬ್ಬರು, ಪ್ರೀತಿಯಿಂದಲೇ. ಆದರೆ ಅದು ಹಳೆಯದಾಗಿರುವುದು ಏನನ್ನೂ ಕಳೆದುಕೊಳ್ಳದ ನಮಗೆ. ಒಬ್ಬ ಕೆಲಸಗಾರನಿಗೆ ತನ್ನ ಕೈಯ ಮೇಲಿದ್ದ ನಂಬಿಕೆಯನ್ನು ನಾನು ತೆಗೆದೆ, ಅದನ್ನು ಹಿಂದಿರುಗಿಸುವುದು ನನ್ನಿಂದ ಆಗುವ ಕೆಲಸವಲ್ಲ. ಬರೆದದ್ದರಿಂದ ನಾನು ಹಗುರಾಗಿಲ್ಲ. ಆಗುವುದೂ ಬೇಡ.

ನಿಮ್ಮಲ್ಲಿ ಕೇಳುವುದು ಒಂದೇ. ಆ ಸೀಲಿಂಗಿನ ಕಥೆ ಇನ್ನೂ ಎಲ್ಲೋ ಯಾರದೋ ಊಟದ ಮೇಜಿನಲ್ಲಿ ಬರುತ್ತದೆ, ನಗುವೂ ಬರುತ್ತದೆ. ಆಗ ಒಂದು ರಾತ್ರಿ ಕಾಯಲಾರದೆ ಅದನ್ನು ಮುಚ್ಚಿಸಿದವಳು ವಿಜಯಲಕ್ಷ್ಮಿ ಎಂದು ಹೇಳಿ. ನಾನು ಅಲ್ಲಿ ಕೂತಿದ್ದರೆ ನೀವು ಮುಜುಗರಪಡಬೇಡಿ, ನಾನೇ ಹೇಳುತ್ತೇನೆ.